ದೀಪ ಕೆಟ್ಟಿತು, ಕೆಡಿಸಿದ್ದು ಯಾವುದು?

ಹಜಾರದ ಗೋಡೆಯ ಮೇಲೆ ಹತ್ತಡಿ ಅಗಲದ ಚಿತ್ರ ಮೂಡಿಸುತ್ತಿದ್ದ ಪ್ರೊಜೆಕ್ಟರ್ ಒಂದು ಸಂಜೆ ಇದ್ದಕ್ಕಿದ್ದಂತೆ ಮಂಕಾದರೆ ಮನೆಯವರು ಮೊದಲು ಕೇಳುವ ಪ್ರಶ್ನೆ ‘ಎಷ್ಟಾಗುತ್ತದೆ?’ ಎಂಬುದು. ಲಕ್ಷಾಂತರ ರೂಪಾಯಿ ಕೊಟ್ಟು ತಂದ ಯಂತ್ರವಾದ್ದರಿಂದ ಆ ಪ್ರಶ್ನೆ ಸಹಜವೇ. ಆದರೆ ಅದರ ಮುಂದೆ ದುರಸ್ತಿಗೆ ಕುಳಿತವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ‘ಹೀಗೇಕಾಯಿತು?’ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಮೊದಲನೆಯದಕ್ಕೆ ಕೊಡುವ ಉತ್ತರ ಬರೀ ಅಂದಾಜು.

ನಮ್ಮಲ್ಲಿ ‘ರಿಪೇರಿ ಕೆಲಸ’ ಎಂದರೆ ಸ್ವಲ್ಪ ತಾತ್ಸಾರ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರ ದಾವಣಗೆರೆಯಂಥ ವಿದ್ಯಾನಗರಿಯಲ್ಲಿ ಮನೆಮನೆಯಲ್ಲೂ ನಡೆಯುವ ಚರ್ಚೆಯಲ್ಲಿ ಈ ಮಾತು ಬರುವುದೇ ಕಡಿಮೆ. ಬಂದರೂ ‘ಬೇರೇನೂ ಸಿಗದಿದ್ದರೆ ನೋಡೋಣ’ ಎಂಬ ಧಾಟಿಯಲ್ಲಿ ಬರುತ್ತದೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವುದಕ್ಕೂ ತಲೆಯಲ್ಲಿ ಭೌತಶಾಸ್ತ್ರ ಇರುವುದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ಎಷ್ಟು ತಪ್ಪು ಎಂಬುದನ್ನು ಮನೆಯ ಪ್ರೊಜೆಕ್ಟರ್ ಒಂದೇ ತೋರಿಸಿಕೊಡಬಲ್ಲದು.

ಟಾಕೀಸಿನಿಂದ ಮನೆಗೆ

ದಾವಣಗೆರೆಗೆ ಬೆಳಕಿನ ಯಂತ್ರ ಹೊಸದಲ್ಲ. ಅಶೋಕ ಟಾಕೀಸ್, ಅರುಣಾ ಟಾಕೀಸ್ ಎಂಬ ಹೆಸರುಗಳು ಈ ಊರಿನವರಿಗೆ ಸಿನಿಮಾ ಮಂದಿರಗಳ ಹೆಸರಷ್ಟೇ ಅಲ್ಲ, ದಾರಿ ಹೇಳುವ ಗುರುತುಗಳೂ ಹೌದು. ರೀಲಿನ ಕಾಲದಲ್ಲಿ ಇಂಥ ಮಂದಿರಗಳಲ್ಲಿ ಪ್ರೇಕ್ಷಕರ ಬೆನ್ನ ಹಿಂದೆ, ಎತ್ತರದ ಪುಟ್ಟ ಕೋಣೆಯಲ್ಲಿ ಆಪರೇಟರ್ ಇರುತ್ತಿದ್ದ. 35 ಮಿಲಿಮೀಟರ್ ಅಗಲದ ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ ಅವನ ಕೈಕೆಳಗೆ ಓಡುತ್ತಿತ್ತು. ಎರಡು ಸಾವಿರ ಅಡಿಯ ಒಂದು ರೀಲು ಸುಮಾರು 22 ನಿಮಿಷದಲ್ಲಿ ಮುಗಿಯುತ್ತಿತ್ತು. ತೆರೆಯ ಬಲ ಮೇಲ್ಮೂಲೆಯಲ್ಲಿ ಕ್ಷಣಕಾಲ ಮಿಂಚುವ ಚುಕ್ಕೆಯನ್ನು ನೋಡಿ ಅವನು ಪಕ್ಕದ ಯಂತ್ರಕ್ಕೆ ಆಟವನ್ನು ದಾಟಿಸಬೇಕಿತ್ತು.

ಬೆಳಕಿಗಾಗಿ ಆ ಯಂತ್ರಗಳಲ್ಲಿ ಎರಡು ಇಂಗಾಲದ ಕಡ್ಡಿಗಳಿದ್ದವು. ಅವುಗಳ ತುದಿಗಳ ನಡುವೆ ವಿದ್ಯುತ್ ಚಾಪ ಉರಿಯುತ್ತಿತ್ತು. ಕಡ್ಡಿ ಉರಿದಂತೆಲ್ಲ ಸವೆದು ಅಂತರ ಹೆಚ್ಚುತ್ತದೆ, ಬೆಳಕು ಕೆಡುತ್ತದೆ. ತೆರೆಯ ಬಣ್ಣ ಕೆಟ್ಟಿತೆಂದರೆ ಆಪರೇಟರ್ ತೆರೆಯ ಕಡೆಗಾಗಲೀ ಫಿಲ್ಮಿನ ಕಡೆಗಾಗಲೀ ನೋಡುತ್ತಿರಲಿಲ್ಲ. ಅವನ ಕೈ ಕಡ್ಡಿಯ ತಿರುಪಿಗೆ ಹೋಗುತ್ತಿತ್ತು. ದೋಷ ಕಾಣಿಸುವ ಜಾಗ ಒಂದು, ದೋಷ ಹುಟ್ಟುವ ಜಾಗ ಇನ್ನೊಂದು ಎಂಬುದು ಅವನಿಗೆ ರೂಢಿಯಿಂದಲೇ ಗೊತ್ತಿತ್ತು. ಮುಂದೆ ಕಡ್ಡಿಗಳ ಜಾಗಕ್ಕೆ ಕ್ಸೆನಾನ್ ದೀಪ ಬಂತು. 2010ರ ನಂತರದ ಕೆಲವೇ ವರ್ಷಗಳಲ್ಲಿ ಫಿಲ್ಮೂ ಹೋಗಿ ಡಿಜಿಟಲ್ ಬಂತು. ರೀಲು ಜೋಡಿಸುವ ಕೆಲಸವೇ ಇಲ್ಲವಾಯಿತು.

ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದಲ್ಲೂ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿತವರಿದ್ದರು. ಅಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಅನೇಕ ಐ.ಟಿ.ಐ.ಗಳ, ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪುಗಳನ್ನು ಸೇರಿದವು. ಲೇತ್‌ನ ಎರಡು ಮೊನೆಗಳ ನಡುವೆ ಹಿಡಿದು ಕಡೆದ ಕಂಬಿ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಯಿತೆನ್ನೋಣ. ಹೊಸಬ ಉಳಿಯನ್ನು ಬದಲಿಸುತ್ತಾನೆ. ಅನುಭವಿ ಟರ್ನರ್ ಟೇಲ್‌ಸ್ಟಾಕ್ ನೇರವಾಗಿ ಕೂತಿದೆಯೇ ಎಂದು ನೋಡುತ್ತಾನೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಟಾಕೀಸಿನ ಕೋಣೆಯಲ್ಲೂ ಕಾರ್ಖಾನೆಯ ಅಂಗಳದಲ್ಲೂ ಕಲಿಸಲಾಗುತ್ತಿದ್ದ ಈ ‘ಕಾರಣ ಹುಡುಕುವ’ ವಿದ್ಯೆಯನ್ನು ಮುಂದಿನವರು ಎಲ್ಲಿ ಕಲಿಯಬೇಕು ಎಂಬುದು ಈ ಎರಡು ಊರುಗಳ ಮಟ್ಟಿಗೆ ನಿಜವಾದ ಪ್ರಶ್ನೆ.

ಬೆಳಕಿನ ನಾಲ್ಕು ನಿಲ್ದಾಣಗಳು

ಪ್ರೊಜೆಕ್ಟರ್ ಹಳೆಯದಿರಲಿ ಹೊಸದಿರಲಿ, ಅದರಲ್ಲಿ ಬೆಳಕಿನ ಪ್ರಯಾಣಕ್ಕೆ ನಾಲ್ಕೇ ನಿಲ್ದಾಣ. ಬೆಳಕು ಹುಟ್ಟುವ ಜಾಗ, ಚಿತ್ರ ರೂಪುಗೊಳ್ಳುವ ಜಾಗ, ಚಿತ್ರವನ್ನು ಹಿಗ್ಗಿಸುವ ಮಸೂರ, ಚಿತ್ರ ಬೀಳುವ ತೆರೆ. ದುರಸ್ತಿ ಕಲಿಯುವವನು ಈ ನಾಲ್ಕನ್ನು ಮನಸ್ಸಿನಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲ ನಿಲ್ದಾಣ ದೀಪ. 1995ರಲ್ಲಿ ಫಿಲಿಪ್ಸ್ ಕಂಪನಿ ತಂದ ಪಾದರಸದ ದೀಪ ಪುಟ್ಟ ಪ್ರೊಜೆಕ್ಟರುಗಳ ಯುಗವನ್ನೇ ತೆರೆಯಿತು. ಬೆರಳ ತುದಿಯಷ್ಟಿರುವ ಅದರ ಗಾಜಿನ ಗುಂಡಿನೊಳಗೆ, ಉರಿಯುವಾಗ, ವಾತಾವರಣದ ಒತ್ತಡಕ್ಕಿಂತ ಸುಮಾರು 200 ಪಟ್ಟು ಒತ್ತಡ ಇರುತ್ತದೆ. ಬೆಳಕು ಹೊಮ್ಮುವ ಚಾಪದ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಬೆಳಕು ಹೀಗೆ ಒಂದೇ ಬಿಂದುವಿನಿಂದ ಬಂದಷ್ಟೂ ಅದನ್ನು ಹಿಡಿದು ಬೇಕಾದ ಕಡೆ ಕಳಿಸುವುದು ಸುಲಭ. ಈ ದೀಪಗಳ ಆಯುಸ್ಸು ಸಾಮಾನ್ಯವಾಗಿ ಎರಡರಿಂದ ಐದು ಸಾವಿರ ಗಂಟೆ. ದಿನಕ್ಕೆ ಮೂರು ಗಂಟೆ ಸಿನಿಮಾ ನೋಡುವ ಮನೆಯಲ್ಲಿ ಮೂರು ಸಾವಿರ ಗಂಟೆಯ ದೀಪ ಎರಡೂವರೆ ವರ್ಷ ದಾಟಿ ಬಾಳಬೇಕು. ಈಚಿನ ದುಬಾರಿ ಯಂತ್ರಗಳಲ್ಲಿ ದೀಪದ ಬದಲು ಲೇಸರ್ ಇದೆ. ಅದರ ಬೆಳಕು ಅರ್ಧಕ್ಕಿಳಿಯಲು ಸುಮಾರು 20,000 ಗಂಟೆ ಬೇಕು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಲೆಕ್ಕ.

ಎರಡನೆಯ ನಿಲ್ದಾಣದಲ್ಲಿ ಮೂರು ಪದ್ಧತಿಗಳಿವೆ. ಒಂದರಲ್ಲಿ ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಒಡೆದು ಮೂರು ದ್ರವಸ್ಫಟಿಕದ ಫಲಕಗಳ ಮೂಲಕ ಹಾಯಿಸಿ ಮತ್ತೆ ಒಂದುಗೂಡಿಸುತ್ತಾರೆ. ಇನ್ನೊಂದರಲ್ಲಿ ಇರುವುದು ಪುಟ್ಟ ಕನ್ನಡಿಗಳ ಚಿಪ್ಪು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನು ರೂಪಿಸಿದರು. 1920 ಸಾಲು, 1080 ಸಾಲು ಎಂದರೆ 20,73,600 ಕನ್ನಡಿಗಳು. ಪ್ರತಿಯೊಂದೂ ಚಿತ್ರದ ಒಂದು ಚುಕ್ಕೆ. ಅತ್ತ ವಾಲಿದರೆ ಬೆಳಕು, ಇತ್ತ ವಾಲಿದರೆ ಕತ್ತಲು. ಇಂಥ ಯಂತ್ರದಲ್ಲಿ ಬಣ್ಣಕ್ಕಾಗಿ ಒಂದು ಪುಟ್ಟ ಬಣ್ಣದ ಚಕ್ರ ನಿಮಿಷಕ್ಕೆ 7,200 ಸುತ್ತು ಅಥವಾ ಅದಕ್ಕೂ ವೇಗವಾಗಿ ತಿರುಗುತ್ತಿರುತ್ತದೆ. ಮೂರನೆಯ ಪದ್ಧತಿಯಲ್ಲಿ ಸಿಲಿಕಾನ್ ಮೇಲೆ ಕೂರಿಸಿದ ದ್ರವಸ್ಫಟಿಕದಿಂದ ಬೆಳಕು ಪ್ರತಿಫಲಿಸುತ್ತದೆ. ಸೋನಿ, ಜೆವಿಸಿ ಕಂಪನಿಗಳ ದುಬಾರಿ ಹೋಮ್ ಥಿಯೇಟರ್ ಯಂತ್ರಗಳಲ್ಲಿ ಇದೇ ಹೆಚ್ಚು. ಕಪ್ಪನ್ನು ನಿಜವಾದ ಕಪ್ಪಾಗಿ ತೋರಿಸುವುದು ಇದರ ಹೆಚ್ಚುಗಾರಿಕೆ.

ತೆರೆಯೇ ಹೇಳುವ ಲಕ್ಷಣಗಳು

ಒಳ್ಳೆಯ ವೈದ್ಯ ಹೊಟ್ಟೆ ಕೊಯ್ಯುವ ಮೊದಲು ನಾಡಿ ನೋಡುತ್ತಾನೆ. ಪ್ರೊಜೆಕ್ಟರಿನ ನಾಡಿ ಸಿಗುವುದು ತೆರೆಯ ಮೇಲೆ. ಒಂದು ತಿರುಪನ್ನೂ ಬಿಚ್ಚದೆ ಎಷ್ಟು ತಿಳಿಯಬಹುದು ಎಂಬುದನ್ನು ಹೈಸ್ಕೂಲ್ ವಿದ್ಯಾರ್ಥಿಗಳೂ ಲೆಕ್ಕ ಹಾಕಬಹುದು.

ಬಿಳಿ ಪರದೆಯ ಮೇಲೆ ಮಸುಕಾದ ಮಚ್ಚೆಯೊಂದು ಕಾಣುತ್ತಿದೆ ಎನ್ನೋಣ. ಕೆಂಪು, ಹಸಿರು, ನೀಲಿ ಪರದೆಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ ಹಸಿರಿನಲ್ಲಿ ಮಾತ್ರ ಮಚ್ಚೆ ಕಂಡರೆ ದೋಷವಿರುವುದು ಹಸಿರು ಬೆಳಕಿನ ದಾರಿಯಲ್ಲಿ. ಫೋಕಸ್ ತಿರುಗಿಸಿದಾಗ ಒಂದು ಹಂತದಲ್ಲಿ ಆ ಮಚ್ಚೆ ಸ್ಪಷ್ಟವಾದರೆ ಅದು ಫಲಕದ ಹತ್ತಿರ ಕೂತ ಧೂಳು. ಮೂರೂ ಬಣ್ಣಗಳಲ್ಲಿ ಮಚ್ಚೆ ಇದ್ದರೆ ಬೆಳಕು ಒಡೆಯುವ ಮೊದಲೋ ಒಂದುಗೂಡಿದ ಮೇಲೋ ತೊಂದರೆ ಇದೆ. ಎರಡೇ ಪರೀಕ್ಷೆಯಲ್ಲಿ ಹುಡುಕುವ ಜಾಗ ಅಂಗೈಯಷ್ಟಕ್ಕೆ ಇಳಿಯಿತು.

ಬಿಳಿ ಬಟ್ಟೆಯೆಲ್ಲ ಹಳದಿಯಾಗಿ ಕಾಣತೊಡಗಿದರೆ? ಬಿಳಿಯಿಂದ ನೀಲಿಯನ್ನು ಕಳೆದರೆ ಉಳಿಯುವುದು ಹಳದಿ ಎಂಬುದು ಶಾಲೆಯ ಪಾಠ. ಹಾಗಾದರೆ ನೀಲಿಯ ದಾರಿ ಮುಚ್ಚಿದೆ. ನೀಲಿ ಬೆಳಕಿಗೆ ಶಕ್ತಿ ಹೆಚ್ಚು. ವರ್ಷಗಟ್ಟಲೆ ಅದರ ಹೊಡೆತ ತಿಂದ ಧ್ರುವೀಕಾರಕ ಹಾಳೆ ಸುಟ್ಟು ಕಂದಾಗುವುದು ಹಳೆಯ ದ್ರವಸ್ಫಟಿಕ ಯಂತ್ರಗಳ ಹಳೆಯ ಕಾಯಿಲೆ. ಕನ್ನಡಿ ಚಿಪ್ಪಿನ ಯಂತ್ರದಲ್ಲಿ ಕಪ್ಪು ಪರದೆಯ ಮೇಲೂ ನಕ್ಷತ್ರದಂತೆ ಬಿಳಿ ಚುಕ್ಕೆಗಳು ಹೊಳೆದರೆ ಅಷ್ಟು ಕನ್ನಡಿಗಳು ಬೆಳಕಿನ ಕಡೆಗೇ ವಾಲಿ ಸಿಕ್ಕಿಕೊಂಡಿವೆ. ಚಿಪ್ಪನ್ನು ಬದಲಿಸದೆ ಗತಿಯಿಲ್ಲ. ಬಿಳಿ ಅಕ್ಷರಗಳ ಒಂದು ಅಂಚಿನಲ್ಲಿ ಕೆಂಪು ಗೆರೆ ತೆರೆಯ ತುಂಬ ಕಂಡರೆ ಮೂರು ಫಲಕಗಳ ಹೊಂದಾಣಿಕೆ ಕೊಂಚ ಜರುಗಿದೆ. ಮೂಲೆಗಳಲ್ಲಿ ಮಾತ್ರ ಕಂಡರೆ ಅದು ಮಸೂರದ ಗುಣ. ಯಂತ್ರದ್ದು ತಪ್ಪಿಲ್ಲ.

ಕೆಲವೊಮ್ಮೆ ಏನೂ ಕೆಟ್ಟೇ ಇರುವುದಿಲ್ಲ. ಆರಡಿ ಅಗಲದ ಚಿತ್ರ ನೋಡುತ್ತಿದ್ದವರು ಹೊಸ ಮನೆಗೆ ಹೋಗಿ ಅದನ್ನೇ ಹನ್ನೆರಡು ಅಡಿಗೆ ಹಿಗ್ಗಿಸಿದರೆ ‘ದೀಪ ಹೋಗಿದೆ’ ಎಂದು ದೂರುತ್ತಾರೆ. ಅಗಲ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಅಷ್ಟೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ ಪ್ರತಿ ಚದರಡಿಗೆ ಕಾಲುಭಾಗ ಸಿಗುತ್ತದೆ. ಹೊಸ ದೀಪ ಮಾರಬಹುದಾದ ಸಂದರ್ಭದಲ್ಲಿ ಈ ಲೆಕ್ಕವನ್ನು ಹೇಳಿ ಬರಿಗೈಯಲ್ಲಿ ಎದ್ದು ಬರುವ ಮೆಕ್ಯಾನಿಕ್‌ನನ್ನು ಜನ ಮರೆಯುವುದಿಲ್ಲ.

ಕೊಂದದ್ದು ಧೂಳು

ಹರಿಹರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಪ್ರೊಜೆಕ್ಟರ್ ಹೊತ್ತಿಕೊಳ್ಳುತ್ತದೆ, ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಪರೀಕ್ಷಿಸಿದವರು ದೀಪ ಹೋಗಿದೆ ಎನ್ನುತ್ತಾರೆ. ಹೊಸ ದೀಪ ಬರುತ್ತದೆ, ಚಿತ್ರ ಬೆಳಗುತ್ತದೆ, ಹಣ ಸಂದಾಯವಾಗುತ್ತದೆ. ಐದು ತಿಂಗಳಿಗೆ ಮತ್ತೆ ಅದೇ ಕಥೆ. ಎರಡನೆಯ ದೀಪವೂ ಊದಿಕೊಂಡು ಬಿಳಿಚಿದೆ. ದೀಪ ಸತ್ತದ್ದು ನಿಜ, ಅದನ್ನು ನೋಡಿದವರು ಹೇಳಿದ್ದೂ ಸುಳ್ಳಲ್ಲ. ಆದರೆ ಮೂರು ಸಾವಿರ ಗಂಟೆ ಬಾಳಬೇಕಾದ್ದು ಐನೂರು ಗಂಟೆಯೊಳಗೆ ಏಕೆ ಸತ್ತಿತು ಎಂದು ಯಾರೂ ಕೇಳಲಿಲ್ಲ.

ಕೇಳಿದ್ದರೆ ಉತ್ತರ ಗಾಳಿ ಹೋಗುವ ದಾರಿಯಲ್ಲಿ ಸಿಗುತ್ತಿತ್ತು. ಈ ಸೀಮೆಯಲ್ಲಿ ಅಕ್ಕಿ ಗಿರಣಿಗಳ ತೌಡಿನ ಧೂಳಿದೆ, ಮಂಡಕ್ಕಿ ಭಟ್ಟಿಗಳ ಹೊಗೆಯಿದೆ, ಹೆದ್ದಾರಿಯ ಮಣ್ಣಿದೆ. ಬೇಸಿಗೆಯಲ್ಲಿ ಕೋಣೆಯ ಉಷ್ಣಾಂಶವೇ 35 ಡಿಗ್ರಿ ದಾಟುತ್ತದೆ. ಅನೇಕ ಯಂತ್ರಗಳಿಗೆ ತಯಾರಕರು ನಿಗದಿ ಮಾಡಿದ ಗರಿಷ್ಠ ಮಿತಿಯೇ 35 ಅಥವಾ 40. ಇದರ ಮೇಲೆ ಗಾಳಿಯ ಜಾಲರಿ ಕಟ್ಟಿಕೊಂಡರೆ ದೀಪ ತನ್ನದೇ ಕಾವಿನಲ್ಲಿ ಬೇಯುತ್ತದೆ. ಸಿನಿಮಾ ನಡುವೆ ಕರೆಂಟ್ ಹೋದರೆ ಫ್ಯಾನು ತಟ್ಟನೆ ನಿಲ್ಲುತ್ತದೆ, ಕೆಂಡದಂಥ ದೀಪಕ್ಕೆ ಗಾಳಿಯಿಲ್ಲ. ಜಾಲರಿಯನ್ನು ತಿಂಗಳಿಗೊಮ್ಮೆ ಶುಚಿ ಮಾಡುವುದು, ಯು.ಪಿ.ಎಸ್. ಹಾಕುವುದು, ಆಟ ಮುಗಿದ ಮೇಲೆ ಫ್ಯಾನು ತಾನಾಗಿ ನಿಲ್ಲುವವರೆಗೆ ಪ್ಲಗ್ ಕೀಳದಿರುವುದು, ಇವು ಮೂರೇ ಆ ಎರಡನೆಯ ದೀಪವನ್ನು ಉಳಿಸುತ್ತಿದ್ದವು.

ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ, ಪ್ರೊಜೆಕ್ಟರಿನ ಫ್ಯಾನಿಗೆ ಸಾಮಾನ್ಯವಾಗಿ ಮೂರು ತಂತಿ. ಎರಡು ವಿದ್ಯುತ್ತಿಗೆ, ಮೂರನೆಯದು ‘ನಾನು ತಿರುಗುತ್ತಿದ್ದೇನೆ’ ಎಂದು ವರದಿ ಮಾಡಲು. ಆ ಮೂರನೆಯ ತಂತಿ ಸಡಿಲವಾದರೆ ಫ್ಯಾನು ಕಣ್ಣೆದುರೇ ತಿರುಗುತ್ತಿದ್ದರೂ ಯಂತ್ರ ಅದು ನಿಂತಿದೆಯೆಂದು ತಿಳಿದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಬಣ್ಣದ ಚಕ್ರದ ಗುರುತನ್ನು ಓದುವ ಕಣ್ಣಿನ ಮೇಲೆ ಧೂಳು ಕೂತರೂ ಹೀಗೇ. ದೊಡ್ಡ ಬೋರ್ಡನ್ನೇ ಬದಲಿಸುವ ಖರ್ಚಿಗೂ ಒಂದು ಹತ್ತಿಯ ಕಡ್ಡಿಯ ಖರ್ಚಿಗೂ ನಡುವೆ ಇರುವುದು ಹತ್ತು ನಿಮಿಷದ ಯೋಚನೆ.

ಮುಟ್ಟಬಾರದ ಜಾಗಗಳು

ಇಷ್ಟು ಓದಿ ಮನೆಯ ಪ್ರೊಜೆಕ್ಟರನ್ನು ಬಿಚ್ಚಲು ಹೊರಡುವ ಉತ್ಸಾಹಿಗಳನ್ನು ಹೆತ್ತವರು ತಡೆಯಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ 400 ವೋಲ್ಟ್ ಸುಮಾರಿನ ವಿದ್ಯುತ್ ಉಳಿದಿರಬಹುದು. ದೀಪ ಹೊತ್ತಿಸುವ ಕ್ಷಣದಲ್ಲಿ ಸಾವಿರಾರು ವೋಲ್ಟ್ ಹಾಯುತ್ತದೆ. ಬಿಸಿ ದೀಪ ಸಿಡಿದರೆ ಗಾಜಿನ ಜೊತೆ ಪಾದರಸದ ಆವಿಯೂ ಹೊರಬರುತ್ತದೆ. ಆಗ ಕಿಟಕಿ ತೆರೆದು ಎಲ್ಲರೂ ಹೊರಗೆ ಹೋಗಬೇಕು. ಗಾಳಿಯಾಡಿದ ಮೇಲೆ ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಿ ಒದ್ದೆ ಬಟ್ಟೆಯಿಂದ ಒರೆಸಬೇಕು. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಪಾದರಸ ಕೋಣೆಯ ತುಂಬ ಹರಡುತ್ತದೆ. ಲೇಸರ್ ಯಂತ್ರದ ಮಸೂರದೊಳಗೆ ಇಣುಕಿ ನೋಡಿದರೆ ಕಣ್ಣಿಗೇ ಅಪಾಯ, ಅದರ ಮುಚ್ಚಳ ತೆಗೆದು ಉರಿಸುವುದಂತೂ ಕೂಡದು. ಜಾಲರಿ ಶುಚಿ ಮಾಡುವವರೆಗೆ ಮನೆಯವರ ಕೆಲಸ. ಅಲ್ಲಿಂದ ಮುಂದಿನದು ತರಬೇತಿ ಪಡೆದವರದು.

ನಂಬಿಕೆಯ ಲೆಕ್ಕ

ಈ ಕೆಲಸದಲ್ಲಿ ಗ್ರಾಹಕನಿಗೆ ಒಳಗೇನಿದೆ ಎಂದು ಕಾಣುವುದಿಲ್ಲ. ಹೀಗಾಗಿ ಮೋಸಕ್ಕೆ ದಾರಿ ಅಗಲ. ಹಳೆಯ ಹೌಸಿಂಗಿನೊಳಗೆ ಅಗ್ಗದ ದೀಪ ಕೂರಿಸಿ ಅಸಲಿ ಎಂದು ಮಾರಬಹುದು. ಉರಿದ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ಸೆಕೆಂಡ್‌ಹ್ಯಾಂಡ್ ಯಂತ್ರವನ್ನು ಹೊಸದರಂತೆ ಸಾಗಿಸಬಹುದು. ಗಂಟೆಯ ಲೆಕ್ಕ ತಪ್ಪಿದರೆ ಸವೆದ ದೀಪವನ್ನು ಹೊಸದೆಂದು ತಿಳಿದು ಉರಿಸುತ್ತಲೇ ಹೋಗುತ್ತಾರೆ, ಅದು ಸಿಡಿಯುವ ಸಂಭವವೂ ಹೆಚ್ಚುತ್ತದೆ. ಇಲ್ಲಿ ಪ್ರಾಮಾಣಿಕತೆ ಎಂಬುದು ಸುರಕ್ಷತೆಯ ಭಾಗವೇ. ತೆಗೆದ ಭಾಗವನ್ನು ಗ್ರಾಹಕನ ಕೈಗೆ ಕೊಟ್ಟು ತೋರಿಸುವುದು, ಕೆಟ್ಟದ್ದೇನು ಮತ್ತು ಕೆಡಿಸಿದ್ದೇನು ಎಂಬ ಎರಡನ್ನೂ ಬಿಲ್ಲಿನಲ್ಲಿ ಬರೆಯುವುದು ಒಳ್ಳೆಯ ರೂಢಿ. ದುರಸ್ತಿಯ ವೆಚ್ಚ ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ ‘ಬೇಡ ಬಿಡಿ’ ಎಂದು ಹೇಳುವ ಧೈರ್ಯವೂ ಬೇಕು.

ಭಾಗಗಳೂ ಮಾಹಿತಿಯೂ ಸುಲಭವಾಗಿ ಸಿಗದಿರುವುದು ಇನ್ನೊಂದು ತೊಡಕು. ಇದು ಜಗತ್ತಿನೆಲ್ಲೆಡೆಯ ದೂರು. ಫ್ರಾನ್ಸ್ 2021ರಲ್ಲಿ ಟಿ.ವಿ., ಲ್ಯಾಪ್‌ಟಾಪ್ ಮುಂತಾದ ಕೆಲವು ಸಾಮಾನುಗಳ ಮೇಲೆ ಅವು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆ ಎಂಬ ಅಂಕವನ್ನು ಕಡ್ಡಾಯ ಮಾಡಿತು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಕುರಿತ ಜಾಲತಾಣ ತೆರೆಯಿತು. ಎಲೆಕ್ಟ್ರಾನಿಕ್ ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಇವುಗಳ ಫಲ ಬೀದಿಯ ಅಂಗಡಿಯವರೆಗೆ ಮುಟ್ಟಬೇಕಾದರೆ ಆ ಅಂಗಡಿಯಲ್ಲಿ ಕಲಿತ ಕೈ ಇರಬೇಕು. ಇಲ್ಲದಿದ್ದರೆ ಯಂತ್ರ 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಗುಜರಿ ಸೇರಬೇಕು.

ಓದಿನ ದಾರಿ

ಇದರಲ್ಲಿ ಹೊಟ್ಟೆ ತುಂಬುತ್ತದೆಯೇ ಎಂಬ ಹೆತ್ತವರ ಪ್ರಶ್ನೆ ನ್ಯಾಯವಾದದ್ದು. ದುಬಾರಿ ಹೋಮ್ ಥಿಯೇಟರನ್ನೇ ನಂಬಿದರೆ ದಾವಣಗೆರೆಯಂಥ ಊರಿನಲ್ಲಿ ಜೀವನ ಕಷ್ಟ. ಆದರೆ ಅದೇ ದೀಪ, ಅದೇ ಫಲಕ, ಅದೇ ಮಸೂರ ಶಾಲೆ ಕಾಲೇಜುಗಳ ತರಗತಿಗಳಲ್ಲಿವೆ, ಕಲ್ಯಾಣ ಮಂಟಪಗಳಲ್ಲಿವೆ, ಕಚೇರಿಗಳ ಸಭಾಂಗಣಗಳಲ್ಲಿವೆ. ಅವುಗಳ ವಿದ್ಯುತ್ ಸರಬರಾಜಿನ ಬೋರ್ಡನ್ನು ಸರಿಮಾಡಲು ಬಲ್ಲವನು ಟಿ.ವಿ., ಯು.ಪಿ.ಎಸ್., ವೈದ್ಯಕೀಯ ಉಪಕರಣಗಳ ಕೆಲಸವನ್ನೂ ಕಲಿಯಬಲ್ಲ. ಪ್ರೊಜೆಕ್ಟರ್ ಅವನಿಗೆ ಒಂದು ಪಠ್ಯಪುಸ್ತಕ. ದೃಗ್ವಿಜ್ಞಾನ, ಉಷ್ಣ, ವಿದ್ಯುತ್ತು, ಯಂತ್ರಭಾಗ, ಸಾಫ್ಟ್‌ವೇರ್ ಐದೂ ಒಂದೇ ಪೆಟ್ಟಿಗೆಯಲ್ಲಿವೆ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ನ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಅಥವಾ ಮೂರು ವರ್ಷದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ನೇರ ದಾರಿ. ಡಿಪ್ಲೊಮಾದಿಂದ ಎಂಜಿನಿಯರಿಂಗ್‌ಗೆ ಸೇರುವ ಬಾಗಿಲೂ ಮುಚ್ಚಿಲ್ಲ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಈ ಊರಿನಲ್ಲೇ ಇವೆ. ದೊಡ್ಡ ಕಾಲೇಜಿನ ವಿದ್ಯಾರ್ಥಿಯಾದರೂ ಸರಿ, ರಜೆಯಲ್ಲಿ ಎರಡು ತಿಂಗಳು ಒಳ್ಳೆಯ ಸರ್ವೀಸ್ ಅಂಗಡಿಯಲ್ಲಿ ಕೂತು ನೋಡಿದರೆ ಪುಸ್ತಕದ ಸರ್ಕ್ಯೂಟುಗಳಿಗೆ ಜೀವ ಬರುತ್ತದೆ.

ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ರಟ್ಟಿನ ಡಬ್ಬಿ, ಒಂದು ಭೂತಗನ್ನಡಿ, ಮೊಬೈಲಿನ ಪರದೆ ಇದ್ದರೆ ಪುಟ್ಟ ಪ್ರೊಜೆಕ್ಟರ್ ಸಿದ್ಧ. ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಏಕೆ ಎಂದು ಮಗು ಕೇಳಿದರೆ ತಂದೆತಾಯಿ ಕೂಡಲೇ ಉತ್ತರ ಹೇಳಬೇಕಾಗಿಲ್ಲ. ಮಸೂರವನ್ನು ಹಿಂದೆ ಮುಂದೆ ಸರಿಸಲಿ, ಮೊಬೈಲನ್ನು ತಿರುಗಿಸಲಿ, ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬರೆದಿಡಲಿ: ಕಂಡದ್ದು ಒಂದು ಕಡೆ, ಕಾರಣ ಇನ್ನೊಂದು ಕಡೆ. ಕಾರಣದ ಸಾಲು ಮೊದಮೊದಲು ಖಾಲಿ ಉಳಿದರೂ ಚಿಂತೆಯಿಲ್ಲ. ಅದನ್ನು ತುಂಬಲು ಹಟ ಹಿಡಿಯುವ ಮಗುವಿಗೆ ಮುಂದೆ ಯಾವ ವೃತ್ತಿ ಸಿಕ್ಕರೂ ಈ ಅಭ್ಯಾಸ ಕೆಲಸಕ್ಕೆ ಬರುತ್ತದೆ.